ಸ್ಕೂಬಾ ಕಲಿಯಬೇಕು: ಪ್ಯಾಡಿ, ಎಸ್‌ಎಸ್‌ಐ, ನೌಯಿ, ಯಾವ ಕಾರ್ಡ್ ತೆಗೆದುಕೊಳ್ಳಲಿ?

ಕಡಲಹಕ್ಕಿ:

ನಮಸ್ಕಾರ. ಸ್ಕೂಬಾ, ಅಂದರೆ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರಿನಾಳಕ್ಕೆ ಇಳಿಯುವುದು, ಕಲಿಯಬೇಕು ಅಂತ ಬಹಳ ದಿನದ ಆಸೆ. ಈಗ ರಜೆ ಸಿಕ್ಕಿದೆ. ಆದರೆ ಯಾವ ಸಂಸ್ಥೆಯ ಕೋರ್ಸ್ ಅಂತ ಗೊಂದಲ. ನಾನು ವಿಚಾರಿಸಿದ ಒಂದು ಶಾಲೆಯವರು ಪ್ಯಾಡಿ ಕಲಿಸುತ್ತಾರೆ, ಇನ್ನೊಬ್ಬರು ಎಸ್‌ಎಸ್‌ಐ. ಗೆಳತಿಯ ಹತ್ತಿರ ನೌಯಿ ಕಾರ್ಡ್ (ಕೋರ್ಸ್ ಮುಗಿಸಿದ್ದಕ್ಕೆ ಕೊಡುವ ಪ್ರಮಾಣಪತ್ರ) ಇದೆ, ಅದೇ ಗಟ್ಟಿ ಅನ್ನುತ್ತಾಳೆ. ಪ್ಯಾಡಿ ಇಲ್ಲದಿದ್ದರೆ ಬೇರೆ ದೇಶದಲ್ಲಿ ನೀರಿಗೇ ಇಳಿಸುವುದಿಲ್ಲವಂತೆ, ನಿಜವಾ? ನನಗೆ ಈಜು ಬರುತ್ತದೆ, ಆದರೆ ನಿಧಾನ. ಮೂಗಿಗೆ ನೀರು ಹೋದರೆ ಗಾಬರಿಯಾಗುತ್ತದೆ. ಚಿಕ್ಕವಳಿದ್ದಾಗ ಉಬ್ಬಸ ಇತ್ತು, ಈಗ ಇಲ್ಲ.

ನೀರ್ಗುಳ್ಳೆ:

ಹಾಗೇನಿಲ್ಲ. ನನ್ನದು ಸಿಎಂಎಎಸ್ ಅನ್ನುವ ಇನ್ನೊಂದು ಸಂಸ್ಥೆಯ ಒಂದು ಸ್ಟಾರ್, ಅಂದರೆ ಮೊದಲ ಹಂತದ ಕಾರ್ಡ್. ಇದುವರೆಗೆ ಯಾರೂ ಬೇಡ ಅಂದಿಲ್ಲ. ಕಾರ್ಡಿಗಿಂತ ಜಾಸ್ತಿ ಲಾಗ್‌ಬುಕ್ (ಮಾಡಿದ ಡೈವ್‌ಗಳನ್ನು ಬರೆದಿಡುವ ಪುಸ್ತಕ) ಕೇಳುತ್ತಾರೆ, ಕೊನೆಯ ಡೈವ್ ಯಾವಾಗ ಆಯಿತು ಅಂತ ನೋಡುತ್ತಾರೆ. ಈಜಿನ ಚಿಂತೆ ಬಿಡಿ. ಪ್ಯಾಡಿಯ ಮೊದಲ ಹಂತದ ಕೋರ್ಸ್ ಆದ ಓಪನ್ ವಾಟರ್‌ನಲ್ಲಿ 200 ಮೀಟರ್ ಈಜಬೇಕು, ಸಮಯದ ಮಿತಿ ಇಲ್ಲ. ಆಮೇಲೆ 10 ನಿಮಿಷ ತೇಲಬೇಕು, ಅಷ್ಟೇ.

ಬೆಳ್ಳಿಮೀನು:

ಮೊದಲು ಕಾರ್ಡ್ ವಿಷಯ. ನೌಯಿ ಶುರುವಾಗಿದ್ದು 1960ರಲ್ಲಿ, ಪ್ಯಾಡಿ 1966ರಲ್ಲಿ, ಎಸ್‌ಎಸ್‌ಐ 1970ರಲ್ಲಿ. ಸಿಎಂಎಎಸ್ 1959ರದ್ದು, ಅದರ ಮೊದಲ ಅಧ್ಯಕ್ಷ ಫ್ರಾನ್ಸಿನ ಹೆಸರಾಂತ ಸಮುದ್ರ ಅನ್ವೇಷಕ ಜಾಕ್ ಕೂಸ್ಟೋ. ಎಲ್ಲರೂ ಹಳಬರೇ. ನೀವು ಈಗ ಕಷ್ಟದ ತಾಂತ್ರಿಕ ಡೈವಿಂಗ್ ಏನೂ ಕಲಿಯುತ್ತಿಲ್ಲ, ಮೊದಲ ಹಂತ ಮಾತ್ರ. ಆ ಹಂತಕ್ಕೆ ಐಎಸ್‌ಒ 24801-2 ಅಂತ ಒಂದು ಅಂತರರಾಷ್ಟ್ರೀಯ ಮಾನದಂಡ ಇದೆ, ದೊಡ್ಡ ಸಂಸ್ಥೆಗಳ ಕೋರ್ಸ್ ಅದಕ್ಕೆ ಹೊಂದುತ್ತದೆ. ಪ್ಯಾಡಿ, ಎಸ್‌ಎಸ್‌ಐಯಲ್ಲಿ 18 ಮೀಟರ್ ಆಳದವರೆಗೆ, ಸಿಎಂಎಎಸ್ ಒಂದು ಸ್ಟಾರ್‌ನಲ್ಲಿ 20. ವ್ಯತ್ಯಾಸ ಅಂದರೆ, ನೌಯಿಯಲ್ಲಿ ಕಲಿಸುವವರು ತಮಗೆ ಬೇಕು ಅನಿಸಿದ್ದನ್ನು ಸೇರಿಸಿ ಕಲಿಸಬಹುದು. ಎಸ್‌ಎಸ್‌ಐ ಇನ್‌ಸ್ಟ್ರಕ್ಟರ್ ಒಂದು ಡೈವ್ ಸೆಂಟರ್ ಮೂಲಕವೇ ಕಲಿಸಬೇಕು. ನಿಮಗೆ ಇದರಿಂದ ಅಂಥ ಫರಕು ಬೀಳುವುದಿಲ್ಲ.

ಫರಕು ಬೀಳುವುದು ಯಾರು ಕಲಿಸುತ್ತಾರೆ, ಒಟ್ಟಿಗೆ ಎಷ್ಟು ಜನರಿಗೆ ಕಲಿಸುತ್ತಾರೆ ಅನ್ನುವುದರಿಂದ. ನನ್ನ ಮೊದಲ ಕೋರ್ಸ್‌ನಲ್ಲಿ ನಾವು ಎಂಟು ಜನ, ಇನ್‌ಸ್ಟ್ರಕ್ಟರ್ ಒಬ್ಬರು. ನಿಯಮ ಮೀರಿರಲಿಲ್ಲ, ಅಷ್ಟು ಜನಕ್ಕೆ ಅವಕಾಶ ಇದೆ. ಆರು ಮೀಟರ್ ಆಳದಲ್ಲಿ ಮರಳ ಮೇಲೆ ಮಂಡಿಯೂರಿ ಸಾಲಾಗಿ ಕೂತಿದ್ದೆವು. ಮಾಸ್ಕ್‌ಗೆ ನೀರು ತುಂಬಿಸಿ ಹೊರಹಾಕಬೇಕಿತ್ತು. ನನ್ನ ಸರದಿ ಬಂತು. ನೀರು ತುಂಬಿತು, ನಾನು ಮೂಗಿನಿಂದ ಉಸಿರು ಎಳೆದುಬಿಟ್ಟೆ. ಕಣ್ಣು ಉರಿ, ಗಂಟಲಲ್ಲಿ ಉಪ್ಪು. ಮೇಲಕ್ಕೆ ಹಾರಲು ಹೊರಟೆ. ಅವರು ನನ್ನ ಬಿಸಿಡಿಯ (ತೇಲುವುದು, ಮುಳುಗುವುದನ್ನು ಹತೋಟಿಯಲ್ಲಿಡುವ ಗಾಳಿ ತುಂಬುವ ಜಾಕೆಟ್) ಪಟ್ಟಿ ಹಿಡಿದು ನಿಲ್ಲಿಸಿದರು. ಅದು ಒಳ್ಳೆಯದೇ ಆಯಿತು. ಹೇಗೋ ನೀರು ಹೊರಹೋಯಿತು. ಅವರು ಕೈಯಲ್ಲಿ ಓಕೆ ಮಾಡಿ ಪಕ್ಕದವರ ಕಡೆ ತಿರುಗಿದರು. ಇನ್ನೊಮ್ಮೆ ಮಾಡಿಸಲಿಲ್ಲ. ಕಾರ್ಡ್ ಬಂತು. ಒಂದು ವರ್ಷ ನೀರಿಗಿಳಿಯಲಿಲ್ಲ.

ಗಾಬರಿಯಲ್ಲಿ ಮೇಲಕ್ಕೆ ಹಾರುವುದು ಯಾಕೆ ಅಪಾಯ ಗೊತ್ತಲ್ವಾ? ಹತ್ತು ಮೀಟರ್‌ನಿಂದ ಮೇಲೆ ಬರುವಷ್ಟರಲ್ಲಿ ಒತ್ತಡ ಅರ್ಧಕ್ಕಿಳಿಯುತ್ತದೆ. ಉಸಿರು ಕಟ್ಟಿಕೊಂಡಿದ್ದರೆ ಶ್ವಾಸಕೋಶದಲ್ಲಿರುವ ಗಾಳಿ ಎರಡರಷ್ಟಾಗಲು ನೋಡುತ್ತದೆ. ಶ್ವಾಸಕೋಶ ಹರಿಯಬಹುದು. ಮಾಸ್ಕ್‌ನ ಅಭ್ಯಾಸ ಸಣ್ಣ ವಿಷಯ ಅಲ್ಲವೇ ಅಲ್ಲ.

ಆಮೇಲೆ ಬೇರೆ ಒಬ್ಬರ ಹತ್ತಿರ ಹೋದೆ. ಕಲಿಯಲು ನಾವಿಬ್ಬರೇ. ಮೊದಲ ದಿನ ಅವರು ನನ್ನನ್ನು ಈಜುಕೊಳದ ಸೊಂಟದಷ್ಟು ನೀರಲ್ಲೇ ನಿಲ್ಲಿಸಿಕೊಂಡರು. ಮಾಸ್ಕ್ ಬಿಚ್ಚಿಸಿದರು. ರೆಗ್ಯುಲೇಟರ್ (ಸಿಲಿಂಡರ್‌ನ ಗಾಳಿಯನ್ನು ಉಸಿರಾಡಲು ಕೊಡುವ ಸಾಧನ) ಬಾಯಲ್ಲಿಟ್ಟು ಮುಖ ನೀರೊಳಗೆ ಹಾಕು, ಸುಮ್ನೆ ಉಸಿರಾಡು ಅಂದರು. ಬಾಯಿಂದ ಒಳಗೆ, ಮೂಗಿಂದ ಹೊರಗೆ. ಮೂಗಿನ ಪಕ್ಕದಲ್ಲಿ ಗುಳ್ಳೆ ಏರುವುದು ಗೊತ್ತಾಗುತ್ತಿತ್ತು. ಐದನೇ ಸಲಕ್ಕೆ ಎದೆ ಹೊಡೆದುಕೊಳ್ಳುವುದು ನಿಂತಿತು. ಆಮೇಲೆ ಮಾಸ್ಕ್ ಹಾಕಿ, ಅದರ ಮೇಲಂಚನ್ನು ಎರಡು ಬೆರಳಲ್ಲಿ ಒತ್ತಿ, ತಲೆ ಸ್ವಲ್ಪ ಮೇಲೆತ್ತಿ, ಮೂಗಿಂದ ನಿಧಾನವಾಗಿ ಬಿಡುವುದು. ನಲವತ್ತು ನಿಮಿಷ ಇದೊಂದೇ ಮಾಡಿಸಿದರು. ಈಗ 18 ಮೀಟರ್ ಆಳದಲ್ಲಿ ಮಾಸ್ಕ್ ಬಿಚ್ಚಿ ಹಾಕಿಕೊಳ್ಳುತ್ತೇನೆ. ಅವರ ಸಂಸ್ಥೆಯ ಹೆಸರು ಇಲ್ಲಿ ಬೇಕಾಗಿಯೇ ಇಲ್ಲ.

ಹಾಗಾಗಿ ಎರಡೂ ಶಾಲೆಗೆ ಫೋನ್ ಮಾಡಿ ಕೇಳಿ: ನೀರಲ್ಲಿ ನನ್ನ ಜೊತೆ ಇರುವವರು ಯಾರು, ಆ ಗುಂಪಲ್ಲಿ ಎಷ್ಟು ಜನ? ಸಮುದ್ರದ ನಾಲ್ಕು ಡೈವ್ ಎಷ್ಟು ದಿನದಲ್ಲಿ? ಒಂದು ಅಭ್ಯಾಸ ಸರಿಯಾಗದಿದ್ದರೆ ಇನ್ನೊಂದು ದಿನ ಕೊಡುತ್ತೀರಾ? ಕೊನೆಯ ಪ್ರಶ್ನೆಗೆ ತಡವರಿಸಿದರೆ ಬಿಟ್ಟುಬಿಡಿ.

ಹವಳದಂಡೆ:

ಉಬ್ಬಸದ ಬಗ್ಗೆ ಯಾರೂ ಹೇಳಲಿಲ್ಲವಲ್ಲ. ಕೋರ್ಸ್ ಮೊದಲು ಆರೋಗ್ಯದ ಫಾರ್ಮ್ ತುಂಬಿಸುತ್ತಾರೆ. ಕೆಲವು ಪ್ರಶ್ನೆಗೆ ಹೌದು ಅಂದರೆ ಡಾಕ್ಟರ್ ಸಹಿ ಬೇಕು. ದಯವಿಟ್ಟು ಮುಚ್ಚಿಡಬೇಡಿ. ಶ್ವಾಸನಾಳ ಬಿಗಿದಿದ್ದರೆ ಮೇಲೆ ಬರುವಾಗ ಗಾಳಿ ಒಳಗೇ ಸಿಕ್ಕಿಕೊಳ್ಳಬಹುದು, ಬೆಳ್ಳಿಮೀನು ಹೇಳಿದ್ದೇ ಅಪಾಯ ಇಲ್ಲೂ. ದುಡ್ಡು ಕಟ್ಟುವ ಮೊದಲೇ ಡಾಕ್ಟರ್ ನೋಡಿ.

ಕಡಲಹಕ್ಕಿ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಎರಡೂ ಕಡೆ ಫೋನ್ ಮಾಡಿದೆ. ಒಬ್ಬರು "ಮೂರೇ ದಿನದಲ್ಲಿ ಕಾರ್ಡ್ ಗ್ಯಾರಂಟಿ" ಅಂದರು. ಇನ್ನೊಬ್ಬರು ಮೂಗಿನ ಗಾಬರಿ ಎಷ್ಟು, ಮುಖ ತೊಳೆಯುವಾಗಲೂ ಆಗುತ್ತದಾ ಅಂತ ವಾಪಸ್ ನನ್ನನ್ನೇ ಕೇಳಿದರು. ಗುಂಪಲ್ಲಿ ಮೂರು ಜನ ಮಾತ್ರವಂತೆ. ಅಲ್ಲೇ ಸೇರುತ್ತೇನೆ. ಯಾವ ಕಾರ್ಡ್ ಅಂತ ಕೇಳುವುದೇ ಮರೆತುಹೋಯಿತು.

ಬೆಳ್ಳಿಮೀನು:

ಅಲ್ಲೇ ಸೇರಿ. ಅಷ್ಟರೊಳಗೆ ಸ್ನಾರ್ಕೆಲ್ (ಉಸಿರಾಟದ ಕೊಳವೆ) ಒಂದನ್ನೇ ಬಾಯಲ್ಲಿಟ್ಟು, ಮಾಸ್ಕ್ ಇಲ್ಲದೆ, ಕಾಲು ನೆಲಕ್ಕೆ ಸಿಗುವ ನೀರಲ್ಲಿ ಮುಖ ಮುಳುಗಿಸಿ ಉಸಿರಾಡಿ ನೋಡಿ. ಜೊತೆಗೊಬ್ಬರು ಇರಲಿ. ಡಾಕ್ಟರ್ ಏನಂದರು ಅಂತ ಬಂದು ಹೇಳಿ.