ಅಪ್‌ಡೇಟ್: ಗಂಟಲಿಗೆ ಇಳಿಯುತ್ತಿದ್ದ ಸಿಂಬಳ ಈಗ ಹತೋಟಿಗೆ ಬಂದಿದೆ

ಮಲಗಿದೊಡನೆ ಮೂಗಿನ ಹಿಂಭಾಗದಿಂದ ಗಂಟಲಿಗೆ ಸಿಂಬಳ ಇಳಿದು ಕೆಮ್ಮು ಬರುತ್ತದೆ, ಏನು ಮಾಡಲಿ ಎಂದು ಎರಡು ತಿಂಗಳ ಹಿಂದೆ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಮನಃಪೂರ್ವಕ ವಂದನೆಗಳು.

ಕಿವಿ-ಮೂಗು-ಗಂಟಲು ವೈದ್ಯರು ಪರೀಕ್ಷಿಸಿ, ಇದು ಧೂಳಿನ ಅಲರ್ಜಿಯಿಂದ ಬಂದದ್ದು ಎಂದರು. ಆರೋಗ್ಯವಂತರ ಮೂಗಿನಲ್ಲೂ ದಿನವಿಡೀ ಲೋಳೆ ಉತ್ಪತ್ತಿಯಾಗುತ್ತದೆ, ಅದನ್ನು ನಾವು ಅರಿವಿಲ್ಲದೆ ನುಂಗುತ್ತಿರುತ್ತೇವೆ, ಅದು ಹೆಚ್ಚಾದಾಗ ಅಥವಾ ಗಟ್ಟಿಯಾದಾಗ ಮಾತ್ರ ನಮ್ಮ ಗಮನಕ್ಕೆ ಬರುತ್ತದೆ ಎಂಬ ಅವರ ವಿವರಣೆಯಿಂದಲೇ ನನ್ನ ಅರ್ಧ ಆತಂಕ ಕಳೆಯಿತು. ಮೂಗು ಕಟ್ಟಿದಾಗ ಹಾಕುವ ಕ್ಸೈಲೊಮೆಟಾಜೊಲಿನ್ ಹನಿಗಳನ್ನು ಯಾರನ್ನೂ ಕೇಳದೆ ಮೂರು ವಾರ ಬಳಸಿದ್ದು ನನ್ನ ದೊಡ್ಡ ತಪ್ಪು. ಕೆಲವೇ ದಿನ ಮೀರಿದರೂ ಅವು ಮೂಗನ್ನು ಮತ್ತಷ್ಟು ಕಟ್ಟಿಸುತ್ತವೆಯಂತೆ.

ಅತ್ಯಂತ ಉಪಯೋಗವಾದದ್ದು ನೀವು ಹಲವರು ಹೇಳಿದ ಜಲನೇತಿ, ಅಂದರೆ ಉಪ್ಪುನೀರಿನಿಂದ ಮೂಗು ತೊಳೆಯುವುದು. ಕುದಿಸಿ ಆರಿಸಿದ 240 ಮಿಲಿ ನೀರಿಗೆ ಅರ್ಧ ಟೀ ಚಮಚ ಅಯೋಡಿನ್ ಇಲ್ಲದ ಉಪ್ಪು ಬೆರೆಸಿ, ವಾಷ್‌ಬೇಸಿನ್ ಮೇಲೆ ತಲೆ ವಾಲಿಸಿ, ಬಾಯಿಯಿಂದ ಉಸಿರಾಡುತ್ತ ಒಂದು ಹೊಳ್ಳೆಗೆ ಸುರಿದರೆ ಇನ್ನೊಂದರಿಂದ ನೀರು ಇಳಿಯುತ್ತದೆ. ಮೊದಲ ದಿನ ಉಪ್ಪು ಕಡಿಮೆಯಾಗಿ ಹಣೆಯವರೆಗೂ ಉರಿದಿತ್ತು. ಅಳತೆ ಸರಿಯಾದ ಮೇಲೆ ಉರಿಯಲಿಲ್ಲ. ನಲ್ಲಿ ನೀರನ್ನು ನೇರವಾಗಿ ಬಳಸಲೇಬೇಡಿ, ಅದರಲ್ಲಿರಬಹುದಾದ ಸೂಕ್ಷ್ಮಜೀವಿಗಳು ಮೂಗಿನ ಮೂಲಕ ಒಳಸೇರಿದರೆ ಪ್ರಾಣಾಪಾಯವಿದೆ.

ಜೊತೆಗೆ ವೈದ್ಯರು ಬರೆದುಕೊಟ್ಟ ಫ್ಲುಟಿಕಾಸೋನ್ (ಅಲರ್ಜಿಯಿಂದಾದ ಮೂಗಿನೊಳಗಿನ ಊತ ಇಳಿಸುವ ಔಷಧ) ಸ್ಪ್ರೇಯನ್ನು ಮೂಗಿನ ನಡುಗೋಡೆಗೆ ತಾಗದಂತೆ ಹೊರಬದಿಗೆ ವಾಲಿಸಿ ಹೊಡೆಯುತ್ತಿದ್ದೇನೆ. ಎರಡನೆಯ ವಾರದಿಂದ ಗುಣ ಕಂಡಿತು. ದಿಂಬಿನ ಕವರುಗಳನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆಯುತ್ತೇವೆ. ಬೆಳಗ್ಗೆ ಒಂದೆರಡು ಸಲ ಗಂಟಲು ಸರಿಪಡಿಸಿಕೊಳ್ಳುವುದು ಇನ್ನೂ ಉಳಿದಿದೆ, ಆದರೆ ರಾತ್ರಿಯ ಕೆಮ್ಮು ನಿಂತು ಮನೆಯವರೆಲ್ಲ ನೆಮ್ಮದಿಯಾಗಿ ನಿದ್ರಿಸುತ್ತಿದ್ದಾರೆ.