ಪ್ರಶ್ನೋತ್ತರ: 2018ರ ಕ್ಲಾಸಿಕ್ 350 ತೊಗೊಳ್ಳೂ ಮುಂಚೆ ಏನು ನೋಡಬೇಕು?

ಪ್ರಶ್ನೆ (ಹಿಂಜೆವಾಡಿಯಿಂದ)

ನಮಸ್ಕಾರ ಅಣ್ಣಾರ. ನಾ ವಿಜಯಪುರದಾಂವ, ಇಲ್ಲಿ ಪುಣೆ ಹತ್ರ ಹಿಂಜೆವಾಡಿಯೊಳಗ ಕೆಲಸ. 2018ರ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಒಂದು ನೋಡೀನಿ. ಎಂಎಚ್ 14 ಪಾಸಿಂಗ್, ಮೀಟರಿನ್ಯಾಗ 24,000 ಕಿ.ಮೀ. ಯೂಟ್ಯೂಬಿನ್ಯಾಗ ಒಬ್ರು ಭಾಳ ಗಟ್ಟಿ ಗಾಡಿ ಅಂತಾರ, ಇನ್ನೊಬ್ರು ಮುಟ್ಟಬ್ಯಾಡ್ರಿ ಅಂತಾರ. ಹ್ವಾದ ಸಲ ಬ್ಯಾರೆ ಗಾಡಿ ಒಂದು ಬರೇ ಪೇಂಟ್ ನೋಡಿ ತೊಗೊಂಡು, ಮೂರ ತಿಂಗಳದಾಗ ಎಂಜಿನ್ ಬಿಚ್ಚಿಸಬೇಕಾತು. ಈ ಸಲ ಹಂಗ ಆಗಬಾರದು. ದಿನಾ ಆಫೀಸು, ತಿಂಗಳಿಗೊಮ್ಮೆ ಊರು. ಏನೇನು ನೋಡ್ಲಿ?

ಉತ್ತರ (ಚಿಂಚವಡದ ಗ್ಯಾರೇಜಿನವರು)

ತಮ್ಮಾ, ಓದಿದ್ದು, ನೋಡಿದ್ದು ಬಿಡಬ್ಯಾಡ್ರಿ. ಆದ್ರ ಅದರಾಗಿಂದ ಎಲ್ಲಿ ಕೈ ಇಟ್ಟು ನೋಡಬೇಕು ಅನ್ನೂದಷ್ಟ ತೊಗೋರಿ. ನಿಮ್ಮ ಮುಂದ ನಿಂತ ಗಾಡಿ ಹೆಂಗ ಅದ ಅನ್ನೂದು ಆ ಗಾಡೀನ ಹೇಳಬೇಕು.

ನಿಮ್ಮ ಜಾಗಾದಾಗ ನಾ ಇದ್ರ ಮೊದಲ ಪುಣೆಯ ನಾನಾ ಪೇಠಕ್ಕ ಹೋಗ್ತಿದ್ದೆ. ಅಲ್ಲಿ ಸ್ಪೇರ್ ಪಾರ್ಟ್ಸ್ ಅಂಗಡಿ ಕೌಂಟರಿನ್ಯಾಗ, ಈ ಮಾಡೆಲ್ಲಿಗೆ ಯಾವ ಪಾರ್ಟ್ ಜಾಸ್ತಿ ಹೋಗ್ತದ ಅಂತ ಕೇಳ್ರಿ. ಬ್ರೇಕ್ ಶೂ, ಕೇಬಲ್, ಚೈನ್ ಸ್ಪ್ರಾಕೆಟ್ ಎಲ್ಲಾ ಗಾಡಿಗೂ ಹೋಗ್ತಾವ, ಅವನ್ನ ಬಿಡ್ರಿ. ಅವು ಬಿಟ್ಟು ಅಂಗಡಿಯವರು ಯಾವ ಹೆಸರು ಹೇಳ್ತಾರ, ಅದ ಆ ಗಾಡಿಯ ನೋವಿನ ಜಾಗ. ಯಾವ ವಿಡಿಯೋಕ್ಕಿಂತಾ ಆ ಮಾತು ನಾ ಹೆಚ್ಚು ನಂಬ್ತೀನಿ.

2018ರದ್ದರಾಗ ಇರೂದು ಹಳೇ 346 ಸಿಸಿ ಯುಸಿಇ (ಎಂಜಿನ್, ಗೇರ್‌ಬಾಕ್ಸ್ ಒಂದ ಕವಚದಾಗ ಇರೂ) ಎಂಜಿನ್. 2021ರ ಸೆಪ್ಟೆಂಬರಿನ್ಯಾಗ ಬಂದ ಹೊಸ ಕ್ಲಾಸಿಕ್‌ನ 349 ಸಿಸಿ ಎಂಜಿನ್ ಪೂರ್ತಿ ಬ್ಯಾರೆ. ಎರಡರ ಮಾತೂ ಒಂದರಾಗ ಕಲಸಿ ಹೇಳ್ತಾರ, ಅದಕ್ಕ ನಿಮಗ ಗೊಂದಲ. ಹಳೇದರಾಗ ಹೆಸರಾದ ವೀಕ್‌ನೆಸ್ ಅಂದ್ರ ಸ್ಪ್ರಾಗ್ ಕ್ಲಚ್. ಸೆಲ್ಫ್ ಒತ್ತಿದಾಗ ಸ್ಟಾರ್ಟರ್ ಮೋಟರಿನ ತಿರುಗು ಎಂಜಿನ್ನಿಗೆ ಮುಟ್ಟಿಸಿ, ಎಂಜಿನ್ ಚಾಲೂ ಆದ ಕೂಡ್ಲೇ ಕೈ ಬಿಡೂದು ಅದರ ಕೆಲಸ. ಬ್ಯಾಟರಿ ವೀಕ್ ಇದ್ದಾಗ ಹಟ ಹಿಡದು ಸೆಲ್ಫ್ ಒತ್ತಿದ್ರ ಎಂಜಿನ್ ಹಿಂದಕ್ಕ ಒದೀತದ, ಆ ಪೆಟ್ಟು ಬೀಳೂದು ಇದಕ್ಕ. ಮೋಟರ್ ಗರ್ ಅಂತ ಬರೇ ತಿರುಗಿ ಎಂಜಿನ್ ಅಲುಗಾಡಲಿಲ್ಲ, ಅಥವಾ ಒಳಗ ಕಟಾರ್ ಅಂತು ಅಂದ್ರ ಅದು ಹೋಗೇದ. ಎಡಗಡೆ ಕವರ್, ಮ್ಯಾಗ್ನೆಟ್ ಬಿಚ್ಚೂ ಕೆಲಸ. ಮಾರಾವ್ರು "ಕಿಕ್ ಹೊಡದ್ರ ಒಂದ ಸಲಕ್ಕ ಹತ್ತತದ" ಅಂತ ತಾವಾಗೇ ಹೇಳಿದ್ರ, ನೀವು ಸೆಲ್ಫೇ ಒತ್ತಿ ನೋಡ್ರಿ.

ವಾಲ್ವ್ ಎತ್ತೂ ಟ್ಯಾಪೆಟ್ ಇದರಾಗ ಹೈಡ್ರಾಲಿಕ್, ಅಂದ್ರ ಆಯಿಲ್ ಒತ್ತಡದ ಮ್ಯಾಲೆ ನಡೀತಾವ. ತಣ್ಣಗಿದ್ದಾಗ ಚಾಲೂ ಮಾಡಿದ್ರ ಒಂದೆರಡು ಗಳಿಗಿ ಟಕಟಕ ಅಂತದ, ಅಂಜಬ್ಯಾಡ್ರಿ. ಕಾದ ಮ್ಯಾಲೂ ನಿಲ್ಲಲಿಲ್ಲ ಅಂದ್ರ ಖರ್ಚು ಅದ. ಎಕ್ಸಲೇಟರ್ ಕೊಟ್ಟಾಗ ನೀಲಿ ಹೊಗಿ ಬಂದ್ರ ಆಯಿಲ್ ಸುಡಾಕತ್ತದ ಅಂತ ತಿಳೀರಿ.

ಸೆಂಟರ್ ಸ್ಟ್ಯಾಂಡ್ ಹಾಕಿ, ಮುಂದಿನ ಗಾಲಿ ಎತ್ತಿಸಿ, ಹ್ಯಾಂಡಲ್ ಸಾವಕಾಶ ತಿರುಗಸ್ರಿ. ನಡುವ ಒಂದು ಕಡೆ ಕುಂತಂಗ ಹಿಡದ್ರ ಕೋನ್ ಸೆಟ್ (ಹ್ಯಾಂಡಲ್ ತಿರುಗೂ ಬೇರಿಂಗ್) ಹೋಗೇದ. ಹಿಂದಿನ ಗಾಲಿ ಎರಡೂ ಕೈಲೆ ಅಡ್ಡ ಅಲುಗಾಡಸ್ರಿ, ಆ ಗಾಲಿ ಹಿಡದಿರೂ ಸ್ವಿಂಗ್ ಆರ್ಮ್‌ನ ಬುಷ್ ಸವದದೋ ಇಲ್ಲೋ ತಿಳೀತದ. ಮೀಟರ್ ನಂಬಬ್ಯಾಡ್ರಿ, ಫುಟ್‌ರೆಸ್ಟ್ ರಬ್ಬರ್ ನೋಡ್ರಿ. 24,000 ಓಡಿದ ಗಾಡಿಗೆ ಅದು ನುಣ್ಣಗ ಸವದಿರಬಾರದು.

ಇನ್ನೊಂದು. 2019ರ ಏಪ್ರಿಲ್ 1ರಿಂದ 125 ಸಿಸಿ ಮ್ಯಾಲಿನ ಹೊಸ ಗಾಡಿಗೆ ಎಬಿಎಸ್ (ಜೋರಾಗಿ ಬ್ರೇಕ್ ಹಿಡದ್ರೂ ಗಾಲಿ ಜಾಮ್ ಆಗದಂಗ ನೋಡೂ ವ್ಯವಸ್ಥಾ) ಕಡ್ಡಾಯ ಆತು. 2018ರದ್ದರಾಗ ಇಲ್ಲದಿರಬಹುದು. ಮಳಿಗಾಲದಾಗೂ ಊರಿಗೆ ಓಡ್ಸಾವ್ರು ನೀವು, ಎಬಿಎಸ್ ಇದ್ದ 2019ರ ಗಾಡಿ ಸಿಕ್ರ ಸ್ವಲ್ಪ ರೊಕ್ಕ ಹೆಚ್ಚಾದ್ರೂ ಅದನ್ನ ತೊಗೋರಿ ಅಂತೀನಿ.

ಪ್ರಶ್ನೆ (ಕಾತ್ರಜದಿಂದ)

ಅಣ್ಣಾ, ನನ್ನ ತಮ್ಮ 2021ರ ಕೊನೆಯ ಹೊಸ ಕ್ಲಾಸಿಕ್ ನೋಡ್ಯಾನ. ಅದರ ಜೋಡಿ ಸಾಂಗ್ಲಿ ಪಾಸಿಂಗಿನ ಹಳೇ ಗಾಡಿ ಒಂದು ಭಾಳ ಸ್ವಸ್ತ ಅದ ಅಂತಾನ. ಯಾವುದು ಬರೋಬ್ಬರಿ?

ಉತ್ತರ

ಅಕ್ಕಾರ, 2021ರದ್ದಕ್ಕ ಒಂದು ಕೆಲಸ ಮಾಡ್ರಿ. ಆ ವರ್ಷ ಸೆಪ್ಟೆಂಬರ್ 1ರಿಂದ ಡಿಸೆಂಬರ್ 5ರೊಳಗ ತಯಾರಾದ, ಹಿಂದ ಡ್ರಮ್ ಬ್ರೇಕಿನ ಸಿಂಗಲ್ ಚಾನೆಲ್ ಎಬಿಎಸ್ ಕ್ಲಾಸಿಕ್ 350 ಗಾಡಿ 26,300 ಕಂಪನಿಯವರ ವಾಪಸ್ ಕರೆಸಿದ್ರು. ಹಿಂದಿನ ಬ್ರೇಕಿನ ಒತ್ತಡ ತಡಕೊಳ್ಳೂ ರಿಯಾಕ್ಷನ್ ಬ್ರಾಕೆಟ್ ವಿಷಯ. ಚಾಸಿ ನಂಬರ್ ಸರ್ವಿಸ್ ಸೆಂಟರಿಗೆ ಕೊಟ್ಟು, ಆ ಕೆಲಸ ಆಗೇದನೋ ಇಲ್ಲೋ ಕೇಳ್ರಿ. ಆಗಿದ್ರ ಚಿಂತಿ ಇಲ್ಲ.

ಸಾಂಗ್ಲಿ, ಕೊಲ್ಹಾಪುರಕ್ಕ 2019ರಾಗೂ 2021ರಾಗೂ ಮಹಾಪೂರ ಬಂದಿತ್ತು. ಅಲ್ಲಿನ ಎಂಎಚ್ 10, ಎಂಎಚ್ 09 ನಂಬರ್ ಅಂದ ಕೂಡ್ಲೇ ಬ್ಯಾಡ ಅನ್ನಬ್ಯಾಡ್ರಿ, ಆದ್ರ ಸೀಟ್ ಎತ್ತಿ, ಹೆಡ್‌ಲೈಟ್ ಬಿಚ್ಚಿ ನೋಡ್ರಿ. ಮೂಲ್ಯಾಗ ಸಣ್ಣ ಕೆಸರಿನ ಪುಡಿ, ವೈರಿಂಗ್ ಕಪ್ಲರಿನ್ಯಾಗ ಹಸಿರು ಜಂಗ ಕಂಡ್ರ ಗಾಡಿ ನೀರಾಗ ನಿಂತಿತ್ತು ಅಂತ ಅರ್ಥ. ಎಂಜಿನ್ ರಿಪೇರಿ ಮಾಡಬಹುದು, ವೈರಿಂಗ್ ಒಂದೊಂದ ಕಡೆ ಸಾಯ್ಕೋತ ಹೋಗ್ತದ. ಪುಣೆಯದ್ದೂ ಹಂಗ ಬಿಡಬ್ಯಾಡ್ರಿ, 2024ರ ಜುಲೈದಾಗ ಸಿಂಹಗಡ ರಸ್ತೆಯ ಏಕತಾ ನಗರಿಯೊಳಗ ಏಸೋ ಗಾಡಿ ಮುಳುಗಿದ್ವು.

ಹಿಂಜೆವಾಡಿಯಿಂದ ಪ್ರಶ್ನೆ ಕೇಳಿದವರು

ಭಾಳ ಉಪಕಾರ ಆತು ಅಣ್ಣಾರ. ಶನಿವಾರ ನೋಡಾಕ ಹೊಂಟೀನಿ.

ಉತ್ತರ

ಮುಂಜಾನೆ ಏಳಕ್ಕ ಹೋಗ್ರಿ. ನಾ ಬರೂ ತನಕ ಸ್ಟಾರ್ಟ್ ಮಾಡಬ್ಯಾಡ್ರಿ ಅಂತ ಮಾರಾವ್ರಿಗೆ ಹಿಂದಿನ ರಾತ್ರೀನ ಫೋನ್ ಮಾಡಿ ಹೇಳ್ರಿ. ಹೋಗಿ ಮೊದಲ ಎಂಜಿನ್ ಮುಟ್ಟಿ ನೋಡ್ರಿ. ಬಿಸಿ ಇದ್ರ ಚಹಾ ಕುಡಕೋತ ಕುಂದರ್ರಿ, ಪೂರಾ ತಣ್ಣಗಾದ ಮ್ಯಾಲೆ ಸೆಲ್ಫ್ ಒತ್ರಿ. ಆರ್‌ಸಿಯೊಳಗ ಬ್ಯಾಂಕಿನ ಹೆಸರಿದ್ರ ಬ್ಯಾಂಕಿನ ಎನ್‌ಒಸಿ, ಸಾಲದ ಹೆಸರು ತಗಸೂ ಫಾರ್ಮ್ 35 ಕೈಗೆ ಬರೂ ತನಕ ರೊಕ್ಕ ಕೊಡಬ್ಯಾಡ್ರಿ. ಸೆಲ್ಫ್ ಒತ್ತೂದು ವಿಡಿಯೋ ಮಾಡಿ ಇಲ್ಲೇ ಹಾಕ್ರಿ, ಆವಾಜ್ ಕೇಳಿ ಹೇಳ್ತೀನಿ.