ಅಪ್‌ಡೇಟ್: 4.5 ಕಿಲೋವ್ಯಾಟ್ ಇನ್‌ಸ್ಟಂಟ್ ಗೀಸರ್‌ಗೆ ತಂತಿ ಮತ್ತು ಬ್ರೇಕರ್

ಸ್ನಾನಗೃಹದಲ್ಲಿ ಈಗಾಗಲೇ ಇರುವ 2.5 ಚದರ ಮಿ.ಮೀ. ತಾಮ್ರದ ತಂತಿ ಹಾಗೂ 20 ಆಂಪಿಯರ್ ಎಂಸಿಬಿಯಲ್ಲಿಯೇ (ಕರೆಂಟ್ ಮಿತಿ ಮೀರಿದರೆ ತಾನಾಗಿಯೇ ಕಡಿತಗೊಳಿಸುವ ಬ್ರೇಕರ್) 4.5 ಕಿಲೋವ್ಯಾಟ್ ಗೀಸರ್ ನಡೆಸಬಹುದೇ ಎಂದು ಕೇಳಿದ್ದೆ. ಕೆಲಸ ಮುಗಿದಿರುವುದರಿಂದ ಅಂತಿಮ ನಿರ್ಧಾರವನ್ನು ತಿಳಿಸುತ್ತಿದ್ದೇನೆ.

230 ವೋಲ್ಟ್‌ನಲ್ಲಿ ಈ ಗೀಸರ್ ಸುಮಾರು 19.6 ಆಂಪಿಯರ್ ಎಳೆಯುತ್ತದೆ. ಆದರೆ ಅದರ ಕಾಯಿಲ್ ಶುದ್ಧ ರೋಧಕವಾದ್ದರಿಂದ, ವೋಲ್ಟೇಜ್ 245ಕ್ಕೆ ಏರಿದಾಗ ಕರೆಂಟ್ ಕೂಡ ಏರಿ 20.8 ಆಂಪಿಯರ್ ದಾಟುತ್ತದೆ; ಅಂದರೆ 20ರ ಎಂಸಿಬಿಗೆ ಉಸಿರಾಡಲು ಜಾಗವೇ ಉಳಿಯುವುದಿಲ್ಲ. ಹಾಗೆಂದು ಹಳೆಯ ತಂತಿಯನ್ನು ಬಿಟ್ಟು ಎಂಸಿಬಿಯನ್ನು ಮಾತ್ರ 25ಕ್ಕೆ ಏರಿಸುವುದು ಅಪಾಯಕರ, ಏಕೆಂದರೆ ಬ್ರೇಕರ್ ಮೊದಲು ಕಾಯಬೇಕಾದುದು ತಂತಿಯನ್ನು, ಮತ್ತು ಗೋಡೆಯೊಳಗಿನ ಪೈಪಿನಲ್ಲಿ ಆ ತಂತಿಯ ಶಾಖ ಸುಲಭವಾಗಿ ಹೊರಹೋಗುವುದಿಲ್ಲ.

ಆದ್ದರಿಂದ ಡಿಬಿಯಿಂದ (ಮನೆಯ ವಿದ್ಯುತ್ ಹಂಚಿಕೆ ಪೆಟ್ಟಿಗೆಯಿಂದ) ಪ್ರತ್ಯೇಕವಾಗಿ 4 ಚದರ ಮಿ.ಮೀ. ತಾಮ್ರದ ತಂತಿಯನ್ನು ಎಳೆಸಿ, 25 ಆಂಪಿಯರ್ ಬಿ ಕರ್ವ್ (ಗೀಸರ್‌ನಂಥ ರೋಧಕ ಹೊರೆಗೆ ಹೊಂದುವ ಬಗೆಯ) ಎಂಸಿಬಿ ಹಾಕಿಸಿದ್ದೇನೆ. 16 ಆಂಪಿಯರ್ ಪ್ಲಗ್ ಈ ಹೊರೆಗೆ ಸಾಲದು. ಗೀಸರನ್ನು 32 ಆಂಪಿಯರ್ ಡಬಲ್ ಪೋಲ್ (ಫೇಸ್, ನ್ಯೂಟ್ರಲ್ ಎರಡನ್ನೂ ಕಡಿಯುವ) ಸ್ವಿಚ್‌ಗೆ ನೇರವಾಗಿ ಜೋಡಿಸಲಾಗಿದೆ. ಎಂಸಿಬಿ ಸೋರಿಕೆ ಕರೆಂಟನ್ನು ಗುರುತಿಸದ ಕಾರಣ ಸೋರಿಕೆ ಕಂಡೊಡನೆ ವಿದ್ಯುತ್ ಕಡಿಯುವ 30 ಮಿಲಿಆಂಪಿಯರ್ ಆರ್‌ಸಿಸಿಬಿಯನ್ನೂ ಸೇರಿಸಿದ್ದೇನೆ. ನೀರಿರುವ ಕೋಣೆಯಲ್ಲಿ ಇದನ್ನು ದಯವಿಟ್ಟು ಯಾರೂ ಕೈಬಿಡಬೇಡಿ.